ಸರ್ವರಿಗೆ ಬದ್ಲಿ

ಕಳೆದ ತಿಂಗಳು ವರದಿಯೊಂದಕ್ಕಾಗಿ ನವಿ ಮುಂಬಯಿಯ ಮಹಾಪೆಗೆ ಹೋಗಿದ್ದೆ. ಒಂದು ಡೇಟಾ ಸೆಂಟರಿನ ಹೊರಕೋಣೆಯಲ್ಲಿ ಕಾಯುತ್ತಿದ್ದಾಗ ಒಳಗಿನ ಬಾಗಿಲು ತೆರೆದು ಮುಚ್ಚಿತು. ತಣ್ಣನೆಯ ಗಾಳಿಯೊಡನೆ ಬಿಸಿ ದೂಳು ಮತ್ತು ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹದಿನೈದು ವರ್ಷ ಹಿಂದಿನ ಒಂದು ಕಿಟಕಿಯಿಲ್ಲದ ಕೋಣೆ ನೆನಪಾಯಿತು. ಅದರೊಳಗೆ ಕುಳಿತಿರುತ್ತಿದ್ದ ಮನುಷ್ಯನೂ...

ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ಒಂದು ಹೋಟೆಲಿನ ಮೇಲಂತಸ್ತಿನಲ್ಲಿ ನಮ್ಮ ಸಂಜೆ ಪತ್ರಿಕೆಯ ಕಚೇರಿಯಿತ್ತು. ಹೋಟೆಲೂ ಪತ್ರಿಕೆಯೂ ಒಬ್ಬರದೇ. ಅವರನ್ನು ಎಲ್ಲರೂ ಸೇಟ್ರು ಎನ್ನುತ್ತಿದ್ದರು. ನಾನು ಅಲ್ಲಿ ಉಪಸಂಪಾದಕ. ಎಂಟು ಕಂಪ್ಯೂಟರುಗಳಲ್ಲಿ ಪುಟ ಕಟ್ಟುತ್ತಿದ್ದೆವು. ಪುಟ, ಚಿತ್ರ, ಅಕ್ಷರವಿನ್ಯಾಸ ಎಲ್ಲವೂ ಒಂದೇ ಸರ್ವರಿನಲ್ಲಿ. ಹಿಂದೆ ಹೋಟೆಲಿನ ಅಕ್ಕಿ ಚೀಲ ಇಡುತ್ತಿದ್ದ ಕೋಣೆಗೆ ಎಸಿ ಹಾಕಿ ಸರ್ವರ್ ಇಟ್ಟಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಸಿಸ್ಟಮಣ್ಣ.

ಕುಂದಾಪುರದ ಕಡೆಯವರು. ಅದೇ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ಆರು ವರ್ಷ ಸಪ್ಲಾಯರ್ ಆಗಿದ್ದು, ಡೊಂಬಿವಲಿಯ ಒಂದು ಕ್ಲಾಸಿನಲ್ಲಿ ನೆಟ್‌ವರ್ಕ್ ಕೆಲಸ ಕಲಿತು, ಮೇಲಂತಸ್ತಿಗೆ ಬಂದವರು. ಹೋಟೆಲುಗಳಲ್ಲಿ ಟೇಬಲಿಗೆ ತಿಂಡಿ ತರುವವನನ್ನು ನಮ್ಮ ಕಡೆ ಸಪ್ಲಾಯರ್ ಎನ್ನುತ್ತಾರೆ. "ಅಲ್ಲಿ ಸಪ್ಲಾಯರ್, ಇಲ್ಲಿ ಸರ್ವರ್. ಪ್ರಮೋಶನ್ ಮಾರಾಯ, ಇಂಗ್ಲಿಷ್ ಬದಲಾಯ್ತು" ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ಡೊಂಬಿವಲಿಯ ಮನೆಯಿಂದ ಕಲ್ಯಾಣ, ಇತ್ತ ಠಾಣೆ. ಅವರು ತಿರುಗಾಡುತ್ತಿದ್ದದ್ದು ಅಷ್ಟರಲ್ಲೇ. ಅದರಾಚೆ ಹೋದರೆ ಸರ್ವರ್ ಕೆಟ್ಟಿತೆಂದು ಕಚೇರಿಯಿಂದ ಫೋನು ಬರುತ್ತಿತ್ತು. ಒಮ್ಮೆ ಊರಿಗೆಂದು ಹೆಂಡತಿ ಮಗಳನ್ನು ಕರೆದುಕೊಂಡು ಹೊರಟವರು ಪನ್ವೇಲಿನಲ್ಲೇ ರೈಲಿನಿಂದ ಇಳಿದು ವಾಪಸ್ಸು ಬಂದರು. ಹೆಂಡತಿ, ಮಗಳು ಮುಂದಕ್ಕೆ ಹೋದರು.

ಆಗಲೇ ಅವರಿಗೆ ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಎಂಟು ಗಂಟೆಯ ಪಾಳಿ, ಪಾಳಿ ಮುಗಿದರೆ ಇನ್ನೊಬ್ಬ ಬಂದು ಕೂರುತ್ತಾನೆ. ಇದನ್ನು ಹೇಳುವಾಗ ಅವರು "ಇನ್ನೊಬ್ಬ ಬರ್ತಾನೆ" ಎಂದು ಎರಡು ಸಲ ಹೇಳಿದ್ದು ನೆನಪಿದೆ. ಅಲ್ಲಿ ಸೇರಲು ಸೇಟ್ರ ಬಿಡುಗಡೆ ಪತ್ರ ಬೇಕಿತ್ತು. ಸೇಟ್ರು ಹೋಟೆಲಿನ ಪದ್ಧತಿ ಹೇಳಿದರು. ಅಲ್ಲಿ ಊರಿಗೆ ಹೋಗುವವನು ತನ್ನ ಜಾಗಕ್ಕೆ ಒಬ್ಬನನ್ನು ನಿಲ್ಲಿಸಿ ಹೋಗಬೇಕು. ಅದಕ್ಕೆ ಬದ್ಲಿ ಎನ್ನುವುದು.

"ಬದ್ಲಿ ಕೊಟ್ಟು ಹೋಗು. ನಾನು ಬೇಡ ಅಂತೇನಾ?" ಎಂದರು.

ಬದ್ಲಿಯಾಗಿ ಆರಿಸಿದ್ದು ನನ್ನನ್ನು. ದಿನಾ ಪುಟಗಳು ಅಚ್ಚಿಗೆ ಹೋದ ಮೇಲೆ ಒಂದು ಗಂಟೆ ಆ ಕೋಣೆಯಲ್ಲಿ ಪಾಠ. ಅವರು ಎಲ್ಲವನ್ನೂ ಹೋಟೆಲಿನ ಭಾಷೆಯಲ್ಲೇ ಹೇಳುತ್ತಿದ್ದರು. ನಮ್ಮ ಎಂಟು ಕಂಪ್ಯೂಟರುಗಳು ಕ್ಲೈಂಟ್, ಅಂದರೆ ಗಿರಾಕಿ. ಗಿರಾಕಿ ಬೇಕಾದಾಗ ಬರಬಹುದು, ಅರ್ಧಕ್ಕೆ ಎದ್ದು ಹೋಗಬಹುದು. ಒಂದು ಕೆಟ್ಟರೆ ಉಳಿದ ಏಳಕ್ಕೆ ತೊಂದರೆಯಿಲ್ಲ, ಹಳೆಯದಾದರೂ ಸಾಕು, ಮೆಮೊರಿ ಕಡಿಮೆಯಿದ್ದರೂ ನಡೆಯುತ್ತದೆ. ಸರ್ವರ್ ಹಾಗಲ್ಲ. ಅದಕ್ಕೆ ದೊಡ್ಡ ಮೆಮೊರಿ ಬೇಕು, ಒಂದು ಡಿಸ್ಕ್ ಹೋದರೆ ಇನ್ನೊಂದು ಬೇಕು, ಕರೆಂಟು ಹೋದರೂ ನಿಲ್ಲಬಾರದು, ಸೆಕೆ ಆಗಬಾರದು.

"ಮತ್ತೆ ಅದರ ವಿಳಾಸ ಬದಲಾಗಬಾರದು" ಎಂದರು. "ಗಿರಾಕಿ ಯಾವ ಟೇಬಲಿಗೂ ಕೂರ್ಲಿ. ಅಡುಗೆಮನೆ ದಿನಾ ಜಾಗ ಬದಲಿಸಿದ್ರೆ ಆಗ್ತದಾ?"

ಸರ್ವರ್ ತಾನಾಗಿ ಯಾರನ್ನೂ ಮಾತಾಡಿಸುವುದಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ ಎಂದೂ ಹೇಳಿದ್ದರು. ಯಾರು ಯಾವಾಗ ಏನು ಕೇಳಿದರು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ.

ಮೂರು ವಾರದಲ್ಲಿ ನಾನು ಕಲಿತೆ. ಕಲಿತದ್ದು ಯಾರಿಗೂ ತೋರದಂತೆ ನೋಡಿಕೊಂಡೆ. ಬೇಕೆಂದೇ ಕೇಬಲುಗಳನ್ನು ತಪ್ಪು ಜಾಗಕ್ಕೆ ಸಿಕ್ಕಿಸಿದೆ, ಹೇಳಿದ್ದನ್ನು ಮತ್ತೆ ಕೇಳಿದೆ. ನನಗೆ ವರದಿಗಾರನಾಗಬೇಕಿತ್ತು. ಭಿವಂಡಿಯ ಮಗ್ಗಗಳಿಗೆ, ದಿವಾದ ಚಾಳುಗಳಿಗೆ ಹೋಗಿ ಬರೆಯಬೇಕಿತ್ತು. ಅಕ್ಕಿ ಇಡುತ್ತಿದ್ದ ಆ ಕೋಣೆಗೆ ಚಿಲಕ ಇದ್ದದ್ದು ಹೊರಗಿನಿಂದ ಮಾತ್ರ.

ಅವರು ಮಹಾಪೆಗೆ ಸೇರಬೇಕಿದ್ದ ಸೋಮವಾರಕ್ಕೆ ನಾಲ್ಕು ದಿನ ಇದ್ದಾಗ, ಬೆಳಿಗ್ಗೆ ಕಲ್ವಾ ಬಳಿ ಲೋಕಲ್‌ಗಳು ನಿಂತುಬಿಟ್ಟವು. ಸಿಸ್ಟಮಣ್ಣ ದಿವಾದ ಆಚೆ ಸಿಕ್ಕಿಬಿದ್ದಿದ್ದರು. ಇತ್ತ ಎಸಿ ಕೆಟ್ಟು, ಸರ್ವರ್ ಕಾದು ನಿಂತುಹೋಯಿತು. ಎಂಟು ಪರದೆಗಳೂ ಒಟ್ಟಿಗೆ ಸ್ತಬ್ಧ. ಎರಡು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು, ಗಂಟೆ ಹನ್ನೆರಡೂವರೆ. ಉಳಿದವರು ಚಹಾಕ್ಕೆಂದು ಕೆಳಗೆ ಇಳಿದರು. ನಾನೊಬ್ಬನೇ ಒಳಗೆ ಹೋದೆ. ಬಾಗಿಲು ತೆರೆದಿಟ್ಟು, ಎರಡು ಫ್ಯಾನ್ ತಂದಿಟ್ಟು, ಯಂತ್ರ ತಣ್ಣಗಾದ ಮೇಲೆ ಅವರು ಕಲಿಸಿದ ಕ್ರಮದಲ್ಲೇ ಒಂದೊಂದಾಗಿ ಎಲ್ಲವನ್ನೂ ಎಬ್ಬಿಸಿದೆ. ನನ್ನ ಹೆಸರಿನಲ್ಲೇ ಲಾಗಿನ್ ಆಗಿ ಡಿಸ್ಕುಗಳನ್ನು ಪರೀಕ್ಷಿಸಿದೆ. ಚಹಾ ಮುಗಿಸಿ ಬಂದವರಿಗೆ, ತಾನಾಗಿಯೇ ಸರಿಯಾಯಿತು ಎಂದೆ.

ಸಿಸ್ಟಮಣ್ಣ ಮೂರು ಗಂಟೆಗೆ ಬೆವರಿ ಬಂದರು. ಒಳಗೆ ಹೋಗಿ ಸರ್ವರ್ ಬರೆದಿಟ್ಟಿದ್ದನ್ನು ಓದಿದರು. ಹೊರಬಂದು ನನ್ನ ಮೇಜಿನ ಬಳಿ ನಿಂತರು.

"ಗಿರಾಕಿಯೇ ಅಡುಗೆಮನೆಗೆ ಹೋಗಿ ಬಡಿಸ್ಕೊಂಡು ಉಂಡಿದ್ದಾನೆ" ಎಂದರು. ಸಣ್ಣ ಧ್ವನಿ, ನನಗಷ್ಟೇ ಕೇಳುವಂತೆ. "ಪಾತ್ರೆ ಕೂಡ ತೊಳೆದಿಟ್ಟಿದ್ದಾನೆ."

ನಾನು ಮರುದಿನದ ಸುದ್ದಿ ತಿದ್ದುತ್ತಾ ಕುಳಿತೆ.

ಮರುದಿನ ಸೇಟ್ರು ಇಬ್ಬರನ್ನೂ ಕರೆದರು. ಬಿಡುಗಡೆ ಪತ್ರ ಟೈಪಾಗಿ ಮೇಜಿನ ಮೇಲಿತ್ತು, ಸಹಿ ಬಿದ್ದಿರಲಿಲ್ಲ.

"ನಿನಗೆ ಬರ್ತದಾ ಇಲ್ವಾ? ಬರ್ತದೆ ಅಂದ್ರೆ ಈಗಲೇ ಸಹಿ ಹಾಕ್ತೇನೆ" ಎಂದು ನನ್ನನ್ನು ಕೇಳಿದರು.

"ಇನ್ನೂ ಎರಡು ತಿಂಗಳು ಬೇಕು ಸೇಟ್ರೇ."

ಸೇಟ್ರು ಸಿಸ್ಟಮಣ್ಣನ ಕಡೆ ತಿರುಗಿದರು. "ನೀನೆಂತ ಹೇಳ್ತಿ?"

ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ದಾಖಲೆ ಪಕ್ಕದ ಕೋಣೆಯಲ್ಲೇ ಇತ್ತು. ಅವರು ನನ್ನನ್ನು ನೋಡಿದರು.

"ಇವನ ತಲೆಗೆ ಇದು ಹೋಗುದಿಲ್ಲ ಸೇಟ್ರೇ. ಇವನನ್ನು ಹೊರಗೆ ವರದಿಗೆ ಕಳಿಸಿ."

ಸೇಟ್ರು ಪತ್ರವನ್ನು ಡ್ರಾಯರಿಗೆ ಹಾಕಿದರು. ಮುಂದಿನ ತಿಂಗಳು ನನ್ನನ್ನು ವರದಿಗೆ ಹಾಕಿದರು. ವರ್ಷದೊಳಗೆ ನಾನು ಬೇರೆ ಪತ್ರಿಕೆ ಸೇರಿದೆ. ಸಿಸ್ಟಮಣ್ಣ ಇನ್ನೂ ಏಳು ವರ್ಷ ಆ ಕೋಣೆಯಲ್ಲಿದ್ದರು ಎಂದು ಆಮೇಲೆ ಕೇಳಿದೆ. ಪತ್ರಿಕೆ ನಿಂತಾಗ ಮಹಾಪೆಯವರು ಕೇಳುವ ವಯಸ್ಸು ಅವರಿಗೆ ದಾಟಿತ್ತು. ಕಲ್ಯಾಣದ ಒಂದು ಹೋಟೆಲಿನಲ್ಲಿ ಮತ್ತೆ ಸಪ್ಲಾಯರ್ ಆದರಂತೆ. ನಾನು ಎಂದೂ ನೋಡಲು ಹೋಗಲಿಲ್ಲ.

ಮಹಾಪೆಯಿಂದ ಬಂದ ವಾರ ಡೊಂಬಿವಲಿಯ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವಳು ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಹಿಂದಿಯಲ್ಲಿ. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು ಎಂದಳು. ಅಮ್ಮ ಕೆಲಸಕ್ಕೆ ಹೋಗಿದ್ದರು. ನಾನು ಠಾಣೆ ಕಚೇರಿಯವನು ಎಂದಾಗ ಕೂರಿಸಿ ನೀರು ಕೊಟ್ಟಳು. ಅಲ್ಲಿ ಒಬ್ಬನಿಗೆ ಎಲ್ಲ ಕೆಲಸ ಕಲಿಸಿದ್ದೆ, ಅವನಷ್ಟು ಬೇಗ ಕಲಿತವರನ್ನು ನೋಡಿಲ್ಲ ಎಂದು ಅಪ್ಪ ಹೇಳುತ್ತಿದ್ದರಂತೆ.

"ವೋ ಆಪ್ ಹೈಂ ಕ್ಯಾ?" ಅದು ನೀವೇನಾ ಎಂದು.

ಹೌದು ಎಂದೆ.

ಹಾಗಾದರೆ ಪಪ್ಪ ಮಹಾಪೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದಳು. "ಫಿರ್ ಪಪ್ಪಾ ಗಯೇ ಕ್ಯೂಂ ನಹೀ?"

ನಾನು ಹೇಳಿದೆ. ಆ ಗುರುವಾರದ್ದು, ಶುಕ್ರವಾರದ್ದು, ಕ್ರಮವಾಗಿ, ಏನನ್ನೂ ಬಿಡದೆ. ನಾನು ಎದ್ದಾಗ ಅವಳು ಏಳಲಿಲ್ಲ. ಬಾಗಿಲನ್ನು ನಾನೇ ಎಳೆದುಕೊಂಡು ಬಂದೆ.