ಹಲಗೆ ಬಡಿದು ಮಾಡಿದ ಹೊಸ್ತಿಲು

ಈ ಊರಿನ ಮನೆಗಳಿಗೆ ಹೊಸ್ತಿಲಿಲ್ಲ. ಬಂದ ಮೊದಲ ದಿನ ಬಾಗಿಲಲ್ಲಿ ರೂಢಿಯಂತೆ ಕಾಲು ಎತ್ತಿಟ್ಟೆ. ಇಲ್ಲದ್ದನ್ನು ದಾಟಲು ಹೋಗಿ ಮುಗ್ಗರಿಸಿ, ಮನೆಯೊಡತಿಯ ಹೆಗಲಿಗೆ ಜೋತುಬಿದ್ದೆ. ಬೀದಿಯ ಕಲ್ಲುಹಾಸೇ ಸೀದಾ ಅಡುಗೆಮನೆಯವರೆಗೆ ಬಂದಿತ್ತು. ಹೊರಗು ಎಲ್ಲಿ ಮುಗಿಯಿತು, ಒಳಗು ಎಲ್ಲಿ ಶುರುವಾಯಿತು ತಿಳಿಯದೆ ಬಾಗಿಲತ್ತ ತಿರುತಿರುಗಿ ನೋಡಿದೆ. ನೀವು ನಗಬಹುದು. ನಗ್ರಿ. ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಹೊಸ್ತಿಲೆಂದರೆ ಏನೆಂದು ಮುಂದೆ ಹೇಳುತ್ತೇನೆ.

ದೇಶದ ಹೆಸರು ಬರೆಯುವುದಿಲ್ಲ. ಇಲ್ಲಿ ಬರೆದದ್ದನ್ನೆಲ್ಲ ಕದ್ದು ಓದುವವರಿದ್ದಾರೆ. ಹೊನವಾಡದ ದ್ರಾಕ್ಷಿತೋಟದಲ್ಲಿ ಬೆಳೆದವಳು, ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಓದಿದವಳು, ಒಣದ್ರಾಕ್ಷಿ ಕಂಪನಿಯ ಕೆಲಸಕ್ಕೆ ಇಲ್ಲಿಗೆ ಬಂದೆ ಎಂದರೆ ಸಾಕು. ನಾವು ಶೆಡ್ಡಿನಲ್ಲಿ ಬಲೆಯ ಮೇಲೆ ಹಣ್ಣು ಹರಡುತ್ತೇವೆ. ಇವರು ಮಾಳಿಗೆಯ ಮೇಲೆ ಗೊಂಚಲನ್ನೇ ಹಗ್ಗಕ್ಕೆ ನೇತುಹಾಕುತ್ತಾರೆ. ರೊಟ್ಟಿ ಇಲ್ಲೂ ಉಂಟು, ಆದರೆ ಮುರಿಯಲು ಕೊಡಲಿ ಬೇಕು. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇದ್ದದ್ದರಿಂದ ಅದು ಗಂಟಲಲ್ಲಿ ಇಳಿಯಿತು.

ಭಾಷೆಯ ಫಜೀತಿ ಕೇಳಿ. ನಮ್ಮಲ್ಲಿ ಹೊರಡುವಾಗ ಯಾರಾದರೂ 'ಹೋಗ್ತೇನಿ' ಅನ್ನುತ್ತಾರೆಯೇ? 'ಬರ್ತೇನ್ರಿ' ಅನ್ನುತ್ತೇವೆ. ನಾನು ಅದನ್ನೇ ಇವರ ಭಾಷೆಗೆ ತಿರುಗಿಸಿ ಹೇಳಿ ಕೆಲಸಕ್ಕೆ ಹೋದೆ. ಮನೆಯೊಡತಿ ಮಿರ್ನಾ ದೂದಾ, 'ದೂದಾ' ಎಂದರೆ ದೊಡ್ಡಮ್ಮ, ನಾನು ಈಗಲೇ ಬರುತ್ತೇನೆಂದು ತಿಳಿದು ಸಂಜೆಯವರೆಗೆ ಚಹಾ ಬಿಸಿಮಾಡುತ್ತ ಕೂತಿದ್ದರು. ಬಂದಾಗ ಚೆನ್ನಾಗಿ ಬೈದರು. ಇಲ್ಲಿ ಹೊರಡುವವರು 'ಸೆಲಾ' ಅನ್ನಬೇಕು. 'ಬಿಟ್ಟೆ' ಎಂದರ್ಥ. ಮನೆಯಲ್ಲಿ ಉಳಿದವರೂ 'ಸೆಲಾ' ಅನ್ನುತ್ತಾರೆ. ಯಪ್ಪಾ, ಅದೆಂಥ ಮಾತು! ಕೇಳಿದಾಗಲೆಲ್ಲ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಯಾಕೆಂದರೆ ನಮ್ಮಲ್ಲಿ ತಾಯಿಯಿಂದ ಮಗಳಿಗೆ ಬರುವ ಒಂದು ವಿದ್ಯೆಯಿದೆ. ಹೊರಟವರಿಗೆ ಹೊಸ್ತಿಲ ಒಳಗೆ ನಿಂತು 'ಹೋಗಿ ಬಾ' ಅಂದರೆ ಅವರು ಬಂದೇ ಬರುತ್ತಾರೆ. ಅವರು ಮರಳಿ ದಾಟುವಾಗ ಹೊಸ್ತಿಲು ಬೆಚ್ಚಗಾಗುತ್ತದೆ. ಬ್ರಿಟಿಷರ ವಿರುದ್ಧ ಊರೂರು ಎದ್ದ ಕಾಲದಲ್ಲಿ ಘೋಣಸಗಿಯಲ್ಲಿದ್ದ ಅವ್ವನ ಅಜ್ಜಿ, ತಂತಿ ಕತ್ತರಿಸಲು ಹೊರಟ ಹುಡುಗರಿಗೆಲ್ಲ ಹಾಗೆ ಅಂದಿದ್ದಳು. ಪೊಲೀಸರ ಕುದುರೆಗಳು ಅವರ ಎದುರಿಗೆ ಬಂದು ಬೇರೆ ದಾರಿ ಹಿಡಿದವಂತೆ; ಹಾರಿಸಿದ ಗುಂಡು ಜೋಳದ ಹೊಲದಲ್ಲಿ ಬಿತ್ತಂತೆ. ಎಲ್ಲರೂ ಬಂದರು. ಅವಸರ ಮಾಡಿ ಹಿತ್ತಲಿನಿಂದ ಓಡಿದ ಅವಳ ತಮ್ಮನೊಬ್ಬ ಬರಲಿಲ್ಲ. ಹಿತ್ತಲ ಬಾಗಿಲಿಗೆ ಹೊಸ್ತಿಲಿರಲಿಲ್ಲ.

ಇದಕ್ಕೊಂದು ಕಟ್ಟಳೆಯಿದೆ. ಒಬ್ಬಳಿಗೆ ಒಂದೇ ಹೊಸ್ತಿಲು. ಹೊಸ ಮನೆಯಲ್ಲಿ ಮಾತು ಫಲಿಸಿದರೆ ಹಳೆಯದು ಮುಚ್ಚಿತು, ಅಲ್ಲಿಂದ ಅವಳಿಗೆ ಅಂದ 'ಹೋಗಿ ಬಾ' ಕೂಡ ಅಳಿಯಿತು. ಅವ್ವ ಮದುವೆಯಾಗಿ ಹೊನವಾಡಕ್ಕೆ ಬಂದ ಹೊಸತರಲ್ಲಿ ಬಬಲೇಶ್ವರದ ಸಂತೆಗೆ ಹೊರಟ ಅಪ್ಪನಿಗೆ 'ಹೋಗಿ ಬರ್ರಿ' ಅಂದಳು. ಸಂಜೆ ಅಪ್ಪ ದಾಟಿ ಒಳಗೆ ಬಂದಾಗ ಹೊಸ್ತಿಲು ಬೆಚ್ಚಗಾಯಿತು. ತವರಾದ ಘೋಣಸಗಿ ಇನ್ನು ತನ್ನದಲ್ಲವೆಂದು ಅವ್ವ ಮೂಲೆಯಲ್ಲಿ ಕೂತು ಅತ್ತಳು. ಯಾಕೆ ಅತ್ತಳೆಂದು ಅಪ್ಪನಿಗೆ ಇಂದಿಗೂ ಗೊತ್ತಿಲ್ಲ.

ಈ ವರ್ಷ ಈ ಊರು ಎದ್ದಿತು. ಅಧಿಕಾರದಲ್ಲಿದ್ದವನು ಇಳಿಯಲೆಂದು ಹುಡುಗರು, ಹುಡುಗಿಯರು ದಿನಾ ಚೌಕಕ್ಕೆ ಹೋಗತೊಡಗಿದರು. ಮಿರ್ನಾ ದೂದಾರ ಮಗಳು ಇಲ್ಮಾ ಅಶ್ರುವಾಯು ತಡೆಯಲು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಹೊರಡುವಳು. 'ಸೆಲಾ' ಎಂದು ಅವಳು, 'ಸೆಲಾ' ಎಂದು ತಾಯಿ. ಎದುರು ಮನೆಯವರು ಹಾಗೆ ಬಿಟ್ಟ ಮಗ ಮರಳಲಿಲ್ಲ. ನನಗಂತೂ, ನಾನು ಹೊರಡುವಾಗ ಹೊನವಾಡದ ಹೊಸ್ತಿಲ ಒಳಗೆ ನಿಂತು ಅವ್ವ ಅಂದ 'ಹೋಗಿ ಬಾ' ಮಾತಿನ ಕಾವಲಿತ್ತು. ಊರೆಲ್ಲ ಸುಟ್ಟುಹೋದರೂ ನಾನೊಬ್ಬಳು ಹೊನವಾಡ ಮುಟ್ಟುತ್ತೇನೆ. ಆ ಧೈರ್ಯವೇ ನನಗೆ ನಾಚಿಕೆ ತರಿಸಿತು.

ಅವ್ವನಿಗೆ ಫೋನ್ ಹಚ್ಚಿದೆ. "ಯವ್ವಾ, ಇಲ್ಮಾಗ ನಾ 'ಹೋಗಿ ಬಾ' ಅನ್ನಲ್ಯಾ ಬೇ?"

"ಅಲ್ಲಿ ಹೊಸ್ತಿಲಾ ಇಲ್ಲ ಅಂದಿದ್ದಿ?"

"ಒಂದು ಹಲಗಿ ಬಡಿತೇನಿ."

ಅವ್ವ ರೇಗಿದಳು. "ತಲಿ ಕೆಟ್ಟೈತೇನ ನಿಂದು? ಅಲ್ಲಿ ಫಲಿಸ್ತಂದ್ರ ನಾ ನಿನಗ ಅಂದದ್ದು ಹೋತು. ಅಂಥಾ ಗುಂಡಿನ ಊರಾಗ ನಿನ್ನ ಯಾರ ಕಾಯ್ತಾರ?"

"ಅನ್ನದಿದ್ರ ಆ ಹುಡುಗಿನ್ನ ಯಾರ ಕಾಯ್ತಾರಬೇ?"

ಅವ್ವ ದನಿ ಇಳಿಸಿ ಕೇಳಿದಳು: "ಹೆಂಗದಾಳ ಹುಡುಗಿ?"

"ನಿನ್ನ ಶೇಂಗಾ ಚಟ್ನಿ ಡಬ್ಬಿ ಬಳದ ಬಳದ ಖಾಲಿ ಮಾಡ್ಯಾಳ."

"ಅಯ್ಯ, ನನ್ನ ಕೂಸ..." ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನಿನ್ನ ಮನಸಿಗೆ ಬಂದಂಗ ಮಾಡು. ನಾ ಬ್ಯಾಡ ಅನ್ನೂದಿಲ್ಲ."

ಹಣ್ಣಿನ ಪೆಟ್ಟಿಗೆಯೊಂದನ್ನು ಒಡೆದು, ಗಟ್ಟಿ ಹಲಗೆ ಆರಿಸಿ, ಬಾಗಿಲಿಗೆ ಅಡ್ಡ ಬಡಿದೆ. ಅರಿಷಿಣ ಬಳಿದು ಕುಂಕುಮ ಇಟ್ಟೆ. ಮಿರ್ನಾ ದೂದಾ ಎಡವಿ ಬೀಳುವವರಿದ್ದರು. "ಬಾಗಿಲಿಗೆ ಯಾರಾದರೂ ಕಟ್ಟಿಗೆ ಬಡಿಯುತ್ತಾರೆಯೇ? ನನ್ನ ಮೊಣಕಾಲು ಮುರಿಯಬೇಕೇ?" ಎಂದು ಕೂಗಾಡಿದರು. ನನ್ನ ಹರಕುಮುರುಕು ಭಾಷೆಯಲ್ಲಿ, "ಇದು ಹೋದವರನ್ನು ನೆನಪಿಡುತ್ತದೆ" ಎಂದೆ. ಅವರು ಎದುರು ಮನೆಯತ್ತ ನೋಡಿದರು. ಆಮೇಲೆ ಸೀರೆಯುಟ್ಟವರಂತೆ ಲಂಗ ಎತ್ತಿ ಹಿಡಿದು ಅದನ್ನು ದಾಟತೊಡಗಿದರು.

ಮರುದಿನ ಬೆಳಿಗ್ಗೆ ಇಲ್ಮಾ 'ಸೆಲಾ' ಎಂದು ಹಲಗೆ ದಾಟಿದಳು.

"ಹೋಗಿ ಬಾ, ನಮ್ಮವ್ವ," ಎಂದೆ ಕನ್ನಡದಲ್ಲಿ.

ಅರ್ಥ ಕೇಳಿದಳು. ಹೇಳಿದೆ. "ಹೋಗಲೋ, ಬರಲೋ? ಒಂದು ಹೇಳಿ!" ಎಂದು ನಗುತ್ತ ಓಡಿದಳು.

ಅಂದೇ ಚೌಕದಲ್ಲಿ ಗುಂಡು ಹಾರಿತು. ಮಾಳಿಗೆಯ ಗೊಂಚಲುಗಳು ಸದ್ದಿಗೆ ಅಲುಗಿದವು. ಬಾಡಿಗೆ ಮನೆ, ನಿನ್ನೆ ಬಡಿದ ಹಲಗೆ, ಇದು ನನ್ನ ಹೊಸ್ತಿಲೇ? ಅಲ್ಲವೆಂದಾದರೆ ಇಲ್ಮಾಳನ್ನು ಸುಳ್ಳು ಧೈರ್ಯದಿಂದ ಕಳಿಸಿದಂತಾಯಿತು. ಮಧ್ಯಾಹ್ನ, ಪರದೇಶದವರನ್ನು ಹೊರಗೆ ಸಾಗಿಸುವ ಕಂಪನಿಯ ವ್ಯಾನ್ ಬಂದು ಹಾರ್ನ್ ಹೊಡೆಯಿತು. ಚಾಲಕ ಇಳಿದು, "ಇದೇ ಕೊನೆಯ ಗಾಡಿ" ಎಂದ. ಬಿಟ್ಟುಹೋದವಳಿಗೆ ಇದೆಂಥ ಹೊಸ್ತಿಲು? ನಾನು ಬಾಗಿಲು ಬಿಟ್ಟು ಕದಲಲಿಲ್ಲ. ವ್ಯಾನ್ ಹೋಯಿತು.

ಹೊತ್ತು ಮುಳುಗುವ ಮುಂಚೆ ಇಲ್ಮಾ ಬಂದಳು. ಒಂದು ಕಾಲಲ್ಲಿ ಚಪ್ಪಲಿಯಿಲ್ಲ, ತಲೆತುಂಬ ಗೋಡೆಯಿಂದ ಉದುರಿದ ಸುಣ್ಣದ ಪುಡಿ. ಹಲಗೆಯ ಮುಂದೆ ತಡೆದು ನಿಂತು, ಕಾಲೆತ್ತಿ ದಾಟಿದಳು. ತಾಯಿ ಅವಳನ್ನು ಬಾಚಿ ತಬ್ಬಿಕೊಂಡರು. ನಾನು ಬಗ್ಗಿ ಹಲಗೆ ಮುಟ್ಟಿದೆ. ಈಗಷ್ಟೇ ರೊಟ್ಟಿ ಸುಟ್ಟ ಒಲೆಯ ಕಟ್ಟೆಯಂತೆ ಬೆಚ್ಚಗಿತ್ತು. ಕೂತಲ್ಲೇ ಅತ್ತುಬಿಟ್ಟೆ. ಖುಷಿಗೆ ಅಳುತ್ತಿದ್ದೇನೆಂದು ತಿಳಿದು ಮಿರ್ನಾ ದೂದಾ ನನ್ನ ತಲೆ ಸವರಿದರು. ಅದೂ ಸುಳ್ಳಲ್ಲ.

ಅವ್ವನಿಗೆ ಫೋನ್ ಮಾಡಿದೆ.

"ಬಂದಳೇನ?"

"ಬಂದಾಳಬೇ."

"ಬೆಚ್ಚಗಾತೇನ?"

"ಆತು."

ಫೋನಿನಲ್ಲಿ ಅವ್ವನ ಹಿಂದೆ ತಿಕೋಟಾ ಬಸ್ಸಿನ ಹಾರ್ನ್ ಕೇಳಿಸಿತು. ನಮ್ಮ ಮನೆಯ ಮುಂದಿನ ತಿರುವಿನಲ್ಲೇ ಅವರು ಹಾರ್ನ್ ಹೊಡೆಯುವುದು.

"ಛಲೋ ಆತು ಬಿಡು," ಎಂದಳು ಅವ್ವ. ಪ್ರತಿಸಲ ಫೋನ್ ಇಡುವಾಗ 'ಲಗೂನ ಬಾ' ಅನ್ನುವವಳು ಈ ಸಲ ತಡವರಿಸಿದಳು. ಆಮೇಲೆ ಸಣ್ಣ ದನಿಯಲ್ಲಿ, ಬೀಗರಿಗೆ ಹೇಳಿದಂತೆ ಹೇಳಿದಳು: "ಪುರಸೊತ್ತ ಆದಾಗ ನಮ್ಮ ಕಡೆನೂ ಬರ್ರಿ."

ಹೆತ್ತ ಮಗಳಿಗೆ 'ಬರ್ರಿ' ಅಂದಳು. ಹೊರಗೆ ಮತ್ತೆ ಘೋಷಣೆ ಕೇಳಿಸುತ್ತಿದೆ. ಇಲ್ಮಾ ಹಲಗೆ ದಾಟಿ ಹೊರಗೆ ನಿಂತು, ಆ 'ಹೋಗಿ ಬಾ'ಗಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ.