ಎಕ್ಸ್‌ರೇಗೆ ಮುಂಚೆ ಬಿಚ್ಚಿದ ಸರ

ಬಂಗಾರಪೇಟೆಯಲ್ಲಿ ಹಲ್ಲಿನ ಡಾಕ್ಟರಾಗಿ ಕೂತ ಮೇಲೆ ನನ್ನ ಬಾಯಿ ಜೋರು ಎಂದು ಹೆಸರು ಬಂದಿದೆ. ಬರಲಿ ಬಿಡಿ. ಸಂಜೆ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು ಮನೆಯ ಬೀಗ ತೆಗೆದರೆ, ಬೆಳಿಗ್ಗೆ ಮತ್ತೆ ಬೀಗ ಹಾಕುವವರೆಗೆ ನನಗೆ ಮಾತಿಗೆ ಯಾರೂ ಇಲ್ಲ. ಮದುವೆಯ ಗೋಜಿಗೆ ನಾನು ಹೋಗಲಿಲ್ಲ. ಅಮ್ಮ ಇದ್ದಳು, ಅವಳೂ ತೀರಿಕೊಂಡಳು. ಜಗಳವಾಡುವುದಕ್ಕಾದರೂ ಒಬ್ಬರು ಬೇಕು ಅನ್ನಿಸುತ್ತದೆ.

ಆ ಅಜ್ಜಿ ಬಂದದ್ದು ಕಾಮಸಮುದ್ರದ ಕಡೆಯ ಹಳ್ಳಿಯಿಂದ. ಜೊತೆಯಲ್ಲಿ ಎರಡನೇ ಕ್ಲಾಸಿನ ಮೊಮ್ಮಗಳು, ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದಳು. ಬಿಚ್ಚಿಸಿ ನೋಡಿದರೆ ಎಡಗಡೆಯ ದವಡೆ ಊದಿತ್ತು. ಕತ್ತಿನಲ್ಲಿ ದೊಡ್ಡವರ ಚಿನ್ನದ ಸರ ಹೊಟ್ಟೆಯವರೆಗೆ ಇಳಿಬಿದ್ದಿತ್ತು. ನನಗೆ ಗೊತ್ತಾಯಿತು. ಗದ್ದಕಟ್ಟು, ಅಂದರೆ ಮಂಗನಬಾವು, ಬಂದ ಮಗುವಿಗೆ ಚಿನ್ನ ಹಾಕುವುದು ನಮ್ಮ ಕಡೆ ರೂಢಿ. ಚಿಕ್ಕವಳಿದ್ದಾಗ ನನಗೂ ಅಮ್ಮ ನಮ್ಮ ಗಣಿ ಕಾಲೊನಿಯ ಪಕ್ಕದ ಸಾಲುಮನೆಯ ತಮಿಳು ಅಕ್ಕನ ಹತ್ತಿರ ಸರ ಇಸಕೊಂಡು ಬಂದು ಹಾಕಿದ್ದಳು. ಗದ್ದಕಟ್ಟು ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಚಿನ್ನಕ್ಕೆ. ಆದರೆ ಇವಳಿಗೆ ಯುಗಾದಿಯಲ್ಲಿ ಹಾಕಿದ ಸರ, ಗಣೇಶನ ಹಬ್ಬ ಬಂದರೂ ಕತ್ತಿನಲ್ಲೇ ಇತ್ತು.

“ಅಂಟ್ಕೊತದೆ ಅಂತ ಯಾವ ಮಕ್ಳೂ ಇವ್ಳ ಅತ್ರ ಬರಲ್ಲ ಕಣಮ್ಮ. ಇಸ್ಕೂಲಲ್ಲೂ ಒಬ್ಳೇ ಕೂತ್ಕೊತಾಳೆ” ಎಂದಳು ಅಜ್ಜಿ.

ಮುಟ್ಟಿ ನೋಡಿದೆ. ಗದ್ದಕಟ್ಟಿನ ಮೆತ್ತನೆಯ ಊತವಲ್ಲ, ಮೂಳೆಯೇ ಉಬ್ಬಿತ್ತು. ನೋವಿಲ್ಲ ಎಂದಳು ಹುಡುಗಿ. ಇಷ್ಟರಲ್ಲಿ ಬಂದಿರಬೇಕಾದ ದವಡೆಹಲ್ಲು ಆ ಕಡೆ ಬಂದೇ ಇರಲಿಲ್ಲ. ಇಡೀ ದವಡೆಯ ಎಕ್ಸ್‌ರೇ ಆಗಬೇಕು, ಸರ ಬಿಚ್ಚಿ ಎಂದೆ. ಸರ ಇದ್ದರೆ ಅದರ ಬಿಳಿ ಗೆರೆ ಚಿತ್ರದ ಮೇಲೆ ಬಿದ್ದು ಒಳಗಿನದು ಕಾಣುವುದಿಲ್ಲ.

“ಊತ ಇಳ್ಯೋಗಂಟ ಸರ ಮೈ ಬುಟ್ಟು ಬರ್ಬಾರ್ದು.”

“ಇಷ್ಟು ದಿನ ಆ ಚಿನ್ನ ಏನು ಕಿಸಿಯಿತು ಅಜ್ಜಿ?” ಎಂದು ನಾನು ರೇಗಿದೆ. ಅಜ್ಜಿ ಮೊಮ್ಮಗಳ ಮುಖಕ್ಕೆ ಮತ್ತೆ ಟವೆಲ್ ಸುತ್ತತೊಡಗಿದಳು. ಹೋದರೆ ಇವರು ಮತ್ತೆ ಬರುವವರಲ್ಲ, ಹಾಗೇ ಬಿಟ್ಟರೆ ಮಗುವಿನ ದವಡೆ ಒಳಗೊಳಗೇ ಟೊಳ್ಳಾಗುತ್ತದೆ. ದನಿ ಇಳಿಸಿದೆ. “ಸರ ಯಾರದಾದರೂ ಮೈಮೇಲೆ ಇದ್ದರೆ ಆಯಿತಲ್ಲ? ನೀವೇ ಹಾಕಿಕೊಳ್ಳಿ.”

“ನಾನು ಗಂಡ ಇಲ್ದೋಳು, ನಾನಾಕ್ಕೊಬಾರ್ದು” ಎಂದ ಅಜ್ಜಿ ನನ್ನ ಬರಿ ಕತ್ತನ್ನು ನೋಡಿದಳು. “ನೀನಾಕ್ಕೊ.”

ನಾನು ಹೂಂ ಅನ್ನುವ ಮೊದಲೇ ನನ್ನ ಜಡೆ ಎತ್ತಿ ಸರ ಹಾಕಿಬಿಟ್ಟಳು. ಒರಟು ಬೆರಳು ಹಿಂಗತ್ತಿಗೆ ತಾಕಿತು. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಯಾರೂ ಮುಟ್ಟಿರಲಿಲ್ಲ. ಅಳು ಬಂತು. ಅದು ಕಾಣಬಾರದೆಂದು, ಸುಮ್ಮನೆ ನಿಂತಿದ್ದ ಹುಡುಗಿಯನ್ನೇ “ಅಲ್ಲಾಡಬೇಡವೇ” ಎಂದು ಗದರಿದೆ.

ಚಿತ್ರದಲ್ಲಿ ಮೂಳೆಯೊಳಗೆ ಕಪ್ಪು ಗುಳಿ, ಅದರಡಿ ಸಿಕ್ಕಿಕೊಂಡ ಹಲ್ಲು. ಬೆಂಗಳೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಗುಳಿಯೊಳಗಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಉತ್ತರ ಬರುವವರೆಗೆ ನನಗೆ ಊಟ ಸೇರಲಿಲ್ಲ. ಕ್ಯಾನ್ಸರ್ ಅಲ್ಲ, ಹಲ್ಲು ಹುಟ್ಟಿಸುವ ಅಂಶವೇ ದಾರಿತಪ್ಪಿ ಬೆಳೆದ ಗಡ್ಡೆ, ಮಕ್ಕಳಲ್ಲಿ ಅಪರೂಪ ಎಂದರು. ಬಾಯೊಳಗಿನಿಂದಲೇ ಕೊಯ್ದು, ಆ ಹಲ್ಲಿನ ಸಮೇತ ಕೆರೆದು ತೆಗೆದರು. ಮುಖದ ಮೇಲೆ ಗಾಯದ ಗುರುತೂ ಉಳಿಯಲಿಲ್ಲ. ಆದರೆ ಮತ್ತೆ ಬೆಳೆಯಬಹುದು, ವರ್ಷವರ್ಷ ನೋಡುತ್ತಿರಿ ಎಂದು ನನಗೆ ವಹಿಸಿದರು.

ಹಾಗೆ ಅವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಊತ ಹೋಗಿದ್ದರೂ ಅಜ್ಜಿ ಆ ದಿನ ಮೊಮ್ಮಗಳಿಗೆ ಸರ ಹಾಕಿಯೇ ಕರೆತರುತ್ತಿದ್ದಳು. ಹುಡುಗಿ ಅದನ್ನು ಬಿಚ್ಚಿ ನನ್ನ ಕತ್ತಿಗೆ ಹಾಕಿ, ಮಿಷನ್ನಿಗೆ ಗದ್ದ ಒತ್ತಿ ನಿಲ್ಲುತ್ತಿದ್ದಳು. ಚಿತ್ರ ಬರುವವರೆಗೆ ನಾನು ಸರ ಹಿಡಿದುಕೊಂಡಿರುತ್ತಿದ್ದೆ.

ಈ ಸಲ ಬಂದಾಗ ಅವಳು ನನ್ನ ಭುಜದೆತ್ತರ ಬೆಳೆದಿದ್ದಳು. ಟವೆಲ್ ಇಲ್ಲ, ಶಾಲೆಯ ಬಸ್ಸಿನಲ್ಲಿ ಪಕ್ಕ ಕೂರುವ ಗೆಳತಿ ಹೇಳಿದ್ದನ್ನೆಲ್ಲ ನನಗೆ ಒಪ್ಪಿಸಿದಳು. ಗುಳಿಯಿದ್ದ ಜಾಗದಲ್ಲಿ ಮೂಳೆ ತುಂಬಿ ಗಟ್ಟಿಯಾಗಿತ್ತು. ಬೆಂಗಳೂರಿನವರಿಗೆ ಚಿತ್ರ ಕಳಿಸಿದೆ, ಇನ್ನು ವರ್ಷವರ್ಷ ಬೇಡ ಎಂದರು.

“ಇನ್ನು ಎರಡು ವರ್ಷ ಬಿಟ್ಟು ಬಂದರೆ ಸಾಕು” ಎಂದೆ. ಕುಣಿಯುವಷ್ಟು ಸಂತೋಷವಾಗಿತ್ತು, ಬರುವ ವರ್ಷ ಇವರು ಬರುವುದಿಲ್ಲ ಎಂಬುದೂ ಜೊತೆಗೇ ಹೊಳೆಯಿತು. ಸರ ಬಿಚ್ಚಲು ಕೈ ಎತ್ತಿದೆ.

ಅಜ್ಜಿ ನನ್ನ ಕೈ ಹಿಡಿದಳು. “ಬುಡಮ್ಮ. ಬಸ್ ಬರೋಗಂಟ ನಿನ್ ಕತ್ತಲ್ಲೇ ಇರ್ಲಿ.”

ಮೂವರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಕಾಮಸಮುದ್ರದ ಬಸ್ಸು ತಡವಾಗಿ ರೋಗಿಗಳು ಹೊತ್ತಿಗೆ ಬರಲಿಲ್ಲವೆಂದು ದಿನಾ ಬೈಯುವವಳು ನಾನು. ಇವತ್ತೊಂದು ದಿನ ತಡವಾಗಲಪ್ಪ ಎಂದು ದೇವರನ್ನು ಕೇಳಿಕೊಂಡೆ.