ಹಿಂದಿನ ಬೆಂಚಿನ ತಂಟೆ ಮೇಡಂ

ಶಿಕ್ಷಕರ ತರಬೇತಿ ಕಾಲೇಜು ತಂಟೆ ಮೇಡಂಗೆ ಇನ್ನೂ ಮೂರು ತಿಂಗಳ ಸಂಬಳ ಕೊಡಬೇಕು. ಪಾಠ ಮಾಡುವ ಬದಲು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಯಾವ ಲೆಕ್ಕದಲ್ಲಿ ದುಡ್ಡು ಕೊಡಲಿ ಎಂಬುದು ಪ್ರಿನ್ಸಿಪಾಲರ ತಕರಾರು. ಕೂತದ್ದೇನೋ ನಿಜ.

ಇಂಗ್ಲಿಷ್ ಕಲಿಸುವುದನ್ನು ಕಲಿಯಲು ಬಂದವರು ಅಲ್ಲಿ ಒಬ್ಬರಿಗೊಬ್ಬರು ಪಾಠ ಮಾಡುತ್ತಿದ್ದರು. ಒಬ್ಬರು ಟೀಚರು, ಮಿಕ್ಕವರು ಮಕ್ಕಳು. ಆ ಮಕ್ಕಳೋ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಉದುರಿಸುವ ಬಂಗಾರದ ಗಟ್ಟಿಗಳು. "ಇಂಥ ಮಕ್ಕಳನ್ನ ಯಾವ ತಾಯಿನೂ ಹೆತ್ತಿಲ್ಲ ಕಣ್ರೋ," ಎಂದು ಗುಡುಗಿದ ಮೇಡಂ, ಐವತ್ತು ದಾಟಿದ ಮಂಡಿಗಳನ್ನು ಬೆಂಚಿನ ಸಂದಿಗೆ ತುರುಕಿ ತಾವೇ ತಲೆಹರಟೆ ಮಗುವಾದರು.

ಕೊನೆಯ ಪರೀಕ್ಷೆಯ ದಿನ ಪಾಠ ಟೈಲರಮ್ಮನದು. ಹತ್ತು ವರ್ಷ ಬಟ್ಟೆ ಹೊಲಿದು ಓದಲು ಬಂದವಳು. ಹೋದ ಸಲ ಫೇಲು. ಈ ಸಲವೂ ಹೋದರೆ, ಕೆಲಸ ಕೊಡುತ್ತೇವೆಂದ ಶಾಲೆ ಬೇರೆಯವರನ್ನು ನೋಡಿಕೊಳ್ಳುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಗೋಡೆ ಬದಿಗೆ ಕೂತರು. ಮೇಡಂ ಎಂದಿನ ಜಾಗದಲ್ಲೇ.

ಪಾಠಕ್ಕಿದ್ದದ್ದು ಹರಿದ ಶೂ ಮಂಚದಡಿ ಬಚ್ಚಿಟ್ಟು ಬರಿಗಾಲಲ್ಲಿ ಶಾಲೆಗೆ ಹೋಗುವ ಹುಡುಗನ ಕಥೆ. ಟೈಲರಮ್ಮ ನಾಲ್ಕು ಸಾಲು ಓದಿದ್ದೇ ತಡ, ಹಿಂದಿನಿಂದ ಮೇಡಂ ದನಿ ಬಂತು: "ಮಿಸ್, ಈ ಹುಡುಗ ಶುದ್ಧ ಪೆದ್ದ. ನಂಗೆ ಈ ಕಥೆ ಬೇಡ!"

ಟೈಲರಮ್ಮ ಓದು ನಿಲ್ಲಿಸಿ ಪರೀಕ್ಷಕರ ಕಡೆ ನೋಡಿದಳು. ಮೇಡಂ ನಾಲಿಗೆ ಕಚ್ಚಿಕೊಂಡರು. ಅಯ್ಯೋ, ಇವಳ ಅನ್ನಕ್ಕೆ ನಾನೇ ಮಣ್ಣು ಹಾಕಿದೆನಾ?

"ಪೆದ್ದನಾ?" ಟೈಲರಮ್ಮ ಸೊಂಟಕ್ಕೆ ಕೈಯಿಟ್ಟಳು. "ಯಾವ ಸಾಲಲ್ಲಿದೆ? ಎದ್ದು ಓದು. ಕಿಟಕಿ ಕಡೆ ಏನ್ ನೋಡ್ತೀಯ, ಉತ್ತರ ಅಲ್ಲಿ ನೇತಾಡ್ತಿದ್ಯಾ?"

ಮೇಡಂ ಎದ್ದು ತಡವರಿಸುತ್ತ ಓದಿದರು. "ಪೆದ್ದ ಅಲ್ಲ, ಅವನಿಗೆ ನಾಚಿಕೆ!" ಎಂದ ಒಬ್ಬ. "ನಾಚಿಕೆ ಎಲ್ಲಿದ್ಯೋ, ತೋರ್ಸೋ," ಎಂದಳು ಇನ್ನೊಬ್ಬಳು. ಮುರುಕು ಇಂಗ್ಲಿಷಿನಲ್ಲೇ ಜಗಳ ಹತ್ತಿತು. ಪರೀಕ್ಷಕರು ಅಂಕ ಹಾಕುವುದನ್ನು ಮರೆತು ಎದ್ದೇಬಿಟ್ಟರು: "ಅವನಿಗೆ ಅಪ್ಪನ ಭಯ ಕಣ್ರೀ! ಮೊದಲನೇ ಸಾಲು ನೋಡಿ!"

"ಕೈ ಎತ್ತಿ ಮಾತಾಡ್ಬೇಕು ಸರ್," ಎಂದಳು ಟೈಲರಮ್ಮ. "ಕೂತ್ಕೊಳ್ಳಿ, ನಿಮ್ಮ ಸರದಿ ಬರ್ಲಿ."

ಪರೀಕ್ಷಕರು ಕೂತರು. ಕೈಯನ್ನೂ ಎತ್ತಿದರು.

ಬೆಲ್ ಹೊಡೆದ ಮೇಲೆ ಅವರು ಮುಖ ಗಂಟಿಕ್ಕಿ, "ಪಾಠ ಮುಗೀಲೇ ಇಲ್ವಲ್ಲಮ್ಮ?" ಎಂದರು.

"ನೀವು ಬಾಯಿ ಮುಚ್ಚಿದ್ರೆ ತಾನೇ ಸರ್!"

ಮೇಡಂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕು, "ಪಾಸು ಹೋಗಮ್ಮ," ಎಂದರು. ಆ ಹುಡುಗನ ವಿಷಯದಲ್ಲಿ ಮಾತ್ರ ಸೋಲೊಪ್ಪಲಿಲ್ಲ.

ಈಗ ನಿಮ್ಮ ಸಮಾಚಾರಕ್ಕೆ ಬರೋಣ, ಓದುವವರೇ. ನಿಮ್ಮ ಮಗು ನೆಂಟರ ಮುಂದೆ ಇಂಗ್ಲಿಷ್ ಪದ್ಯ ಒಪ್ಪಿಸಿದಾಗ ಚಪ್ಪಾಳೆ ತಟ್ಟುತ್ತೀರಲ್ಲ, ಇವತ್ತು ಆ ಮಗುವನ್ನೇ ಕೇಳಿ: ಪದ್ಯ ಹಿಡಿಸಿತಾ? ಇಲ್ಲ ಅಂದರೆ ಗದರಬೇಡಿ. ಯಾವ ಸಾಲು ಅಂತ ಕೇಳಿ, ಕೂತು ಕೇಳಿಸಿಕೊಳ್ಳಿ.